ಬಾಗಿಲಿಲ್ಲದ ಹೆಸರು

ಆ ಊರಿಗೆ ಹೊರಗಿನಿಂದ ಬರುವ ಮಾತೆಲ್ಲ ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು. ದೂರದಲ್ಲಿರುವವರು ಕುಡಿಕೆಯ ಬಾಯಿಗೆ ತುಟಿ ಹಚ್ಚಿ ಮಾತಾಡಿ, ಆ ಮಾತು ಆರುವ ಮೊದಲೇ ಮೇಣದಿಂದ ಮುಚ್ಚಿ ಕಳಿಸುತ್ತಿದ್ದರು. ಮೇಣ ಬಿಡಿಸಿದಾಗ ಮಾತು ಒಮ್ಮೆ ಕೇಳಿಸುತ್ತಿತ್ತು. ಒಮ್ಮೆ ಮಾತ್ರ. ಆಮೇಲೆ ಅದು ಬರೀ ಕುಡಿಕೆ.

ಊರಿಗೆ ಸುತ್ತ ಗೋಡೆ, ಗೋಡೆಗೆ ಒಂದೇ ಹೆಬ್ಬಾಗಿಲು. ಹೊರೆಯಾಳುಗಳು ಅಲ್ಲಿಯವರೆಗೆ ಬಂದು ಹೊರೆ ಇಳಿಸುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಒಳಗಿನ ಕೆಲಸ ಕೂಗುವಾಕೆಯದು. ಅವಳ ಸೋದರತ್ತೆ ಆ ಕೆಲಸ ಮಾಡುತ್ತಿದ್ದಳು, ಅತ್ತೆಯ ಗಂಟಲು ಕಟ್ಟಿದ ಮೇಲೆ ಇವಳು ನಿಂತಳು.

ಪ್ರತಿ ಕುಡಿಕೆಯ ಹೊಟ್ಟೆಯ ಮೇಲೆ ಸುಣ್ಣದಲ್ಲಿ ಮೊದಲು ಒಬ್ಬರ ಹೆಸರು, ನಡುವೆ ಕೆಮ್ಮಣ್ಣಿನ ಒಂದು ಬೊಟ್ಟು, ಬೊಟ್ಟಿನಾಚೆ ಊರ ಹೆಸರು. ಕೂಗುವಾಕೆ ಮೊದಲು ಊರ ಹೆಸರು ಓದುವಳು. ಅದು ಬೇರೆ ಊರಿನದಾಗಿದ್ದರೆ ಕುಡಿಕೆಯನ್ನು ಮುಟ್ಟುತ್ತಿರಲಿಲ್ಲ. ತನ್ನೂರಿನದೇ ಆಗಿದ್ದರೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಬಿಡುವಳು. ಊರೊಳಗೆ ಊರ ಹೆಸರು ಯಾರಿಗೂ ಬೇಕಿರಲಿಲ್ಲ. ಉಳಿದ ಹೆಸರನ್ನು ಹೊತ್ತು ಬೀದಿ ಬೀದಿ ನಡೆದು, ಆ ಹೆಸರು ಕೆತ್ತಿದ ಬಾಗಿಲು ಸಿಕ್ಕಲ್ಲಿ ನಿಂತು ಕೂಗಿ, ಪಕ್ಕದ ಗೂಡಿನಲ್ಲಿ ಇಟ್ಟು ಬರುವಳು.

ಕೆಲವು ಬಾಗಿಲಿಗೆ ಒಂದೇ ಹೆಸರು, ಕೆಲವಕ್ಕೆ ಎರಡು ಮೂರು. ಬಾವಿ ಕಾಯುವವನ ಬಾಗಿಲ ಮೇಲೆ ಅವನ ಹೆಸರೂ ಇತ್ತು, ‘ಬಾವಿ ಕಾಯುವವರು’ ಅಂತಲೂ ಇತ್ತು. ನಾಳೆ ಬೇರೆಯವನು ಬಾವಿ ಕಾದರೆ ಎರಡನೆಯದನ್ನು ಅವನ ಬಾಗಿಲಿಗೆ ಕೆತ್ತುವರು. ಕೆಲವರು ಹೆಸರಿಗೆ ಬಾಲ ಹಚ್ಚಿ ಕಳಿಸುತ್ತಿದ್ದರು: ‘ದೇವೀರಪ್ಪ, ಎತ್ತಿನ ವಿಚಾರ’ ಎಂದು. ಕೂಗುವಾಕೆ ಬಾಲ ಬಿಟ್ಟು ದೇವೀರಪ್ಪನ ಮನೆಗೇ ಕೊಡುವಳು. ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ಅವಳ ಕೂಗು ಒಂದೇ ಎತ್ತರದ್ದು.

ಆದರೆ ಯಾವ ಬಾಗಿಲ ಮೇಲೂ ಇಲ್ಲದ ಹೆಸರು ಬಂದರೆ, ಹೊತ್ತು ಮುಳುಗುವುದರೊಳಗೆ ಆ ಕುಡಿಕೆ ಗೋಡೆ ದಾಟಿ ಹಿಂದಕ್ಕೆ ಹೋಗಲೇಬೇಕು. ಒಡೆಯರಿಲ್ಲದ ಮಾತು ಊರಲ್ಲಿ ತಂಗಬಾರದು. ಅದೇ ಆ ಊರಿನ ಕಟ್ಟಳೆ.

ಹಿಂದೆ ಹಾಗಿರಲಿಲ್ಲವಂತೆ. ಗೋಡೆಯ ಪಕ್ಕ ‘ಎಲ್ಲರ ಮನೆ’ ಎಂದೊಂದು ಇತ್ತು. ಬಾಗಿಲು ಸಿಗದ ಕುಡಿಕೆಗಳನ್ನೆಲ್ಲ ಅಲ್ಲಿ ಒಟ್ಟುತ್ತಿದ್ದರು. ಯಾರದೋ ಬೈಗುಳ, ಯಾರದೋ ಬೇಡಿಕೆ, ಯಾರಿಗೆಂದೂ ಅಲ್ಲದೆ ಸರಕು ಮಾರುವವರು ಹಾಕಿದ ಕೂಗು. ಮೇಣ ಹಳತಾಗಿ ಬಿರಿದಾಗ ಮಾತುಗಳು ತಾವಾಗಿ ಹೊರಬಿದ್ದು ಬೀದಿಯಲ್ಲಿ ಅಲೆದವು. ಬೇರೆಯವರಿಗೆ ಹೇಳಿದ ಸಾವಿನ ಸುದ್ದಿ ಕೇಳಿ ಯಾರೋ ಅತ್ತರು. ಬೇರೆಯವಳಿಗೆ ಕೊಟ್ಟ ಮಾತು ನಂಬಿ ಯಾರೋ ಕಾದರು. ಕೊನೆಗೆ ಊರವರೇ ಆ ಮನೆಯನ್ನು ಕೆಡವಿ ನೆಲ ಸಮ ಮಾಡಿದರು. ಕೂಗುವಾಕೆಗೆ ಆ ಕಟ್ಟಳೆಯ ಮೇಲೆ ಸಿಟ್ಟಿರಲಿಲ್ಲ. ಅದು ಯಾಕೆ ಬಂತೆಂದು ಅವಳಿಗೆ ಗೊತ್ತಿತ್ತು.

ಒಂದು ದಿನ ಒಂದು ಕುಡಿಕೆ ಬಂತು. ಸುಣ್ಣದ ಅಕ್ಷರ ಸೊಟ್ಟಗಿತ್ತು. ‘ಕೆಂಚವ್ವ’, ಬೊಟ್ಟು, ಊರ ಹೆಸರು.

ಕೂಗುವಾಕೆ ಊರ ಹೆಸರು ಒರೆಸಿ ಎಲ್ಲ ಬೀದಿ ತಿರುಗಿದಳು. ಕೆಂಚವ್ವ ಎಂಬ ಬಾಗಿಲಿರಲಿಲ್ಲ. ಸಂಜೆ ಕುಡಿಕೆಯನ್ನು ಹೊರೆಯಾಳಿನ ಕೈಗೆ ಕೊಟ್ಟು, “ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಹೇಳು” ಎಂದಳು. ದಿನಾ ಯಾವುದೋ ಒಂದಕ್ಕೆ ಹೇಳುವ ಮಾತೇ ಅದು.

ಮಾವು ಹೂ ಬಿಟ್ಟಾಗ ಅದೇ ಕುಡಿಕೆ ಮತ್ತೆ ಬಂತು. ಮಾವು ಕಾಯಾದಾಗ ಇನ್ನೊಮ್ಮೆ. ಪ್ರತಿ ಸಲ ಅಕ್ಷರ ಇನ್ನಷ್ಟು ಸೊಟ್ಟ, ಮೇಣ ಮಾತ್ರ ಹೊಸದು.

“ಇದನ್ನ ಕಳಿಸೋರು ಯಾರಪ್ಪ?” ಎಂದು ಕೂಗುವಾಕೆ ಕೇಳಿದಳು.

ಹೊರೆಯಾಳು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ಹೊಳೆಯಾಚೆ ಒಬ್ಬಳು ಮುದುಕಿ ತಾಯಿ. ಇಲ್ಲ ಅಂದ್ರಂತೆ ಅಂತ ನಾನು ಹೇಳ್ತೀನಿ. ಇದ್ದಾಳೆ, ಮತ್ತೆ ತಗೊಂಡು ಹೋಗು ಅಂತಾಳೆ. ಹಳೇ ಮಾತು ಸುರಿದು ಹೊಸಾದು ತುಂಬ್ತಾಳೆ. ಮೊದಲು ಒಂದೇ ಉಸಿರಿಗೆ ತುಂಬ್ತಿದ್ಲು. ಈಗ ನಡುವೆ ನಿಂತು ಸುಧಾರಿಸ್ಕೊಂಡು ತುಂಬ್ತಾಳೆ.”

ಅವನು ಹೇಳಿದ್ದು ಅಷ್ಟೇ. ಆದರೆ ಆ ದಿನ ಕೂಗುವಾಕೆಗೆ ಕುಡಿಕೆ ಹೊತ್ತು ತಿರುಗುವಾಗ ಭಾರವೆನಿಸಿತು.

ಎತ್ತರದ ಮನೆಯ ಒಡತಿ ಜಗುಲಿಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಬಾಗಿಲ ಮೇಲೆ ‘ಕೆಂಪವ್ವ’ ಎಂದಿತ್ತು. “ಏನೇ ಅದು, ಮೂರು ಸಲ ನನ್ನ ಮನೆ ಮುಂದೇ ಹೊತ್ಕೊಂಡು ಹೋಗ್ತೀಯ. ಕೆಂಚವ್ವ ಅಂದ್ರೆ ಕೆಂಪವ್ವನೇ ಇರಬೇಕು. ಬರೆಯೋರ ಕೈ ತಪ್ಪಿರುತ್ತೆ. ಇಲ್ಲಿಡು.”

“ಒಂದಕ್ಷರ ಬೇರೆ ಇದೆ ಅಮ್ಮ.”

“ಒಂದಕ್ಷರಕ್ಕೆ ಯಾರ ಮಾತೂ ಯಾರ ಕಿವಿಗೂ ಬೀಳದ ಹಾಗೆ ಮಾಡ್ತೀಯಾ? ನನ್ನ ಗೂಡಲ್ಲಿದ್ದರೆ ನಿನಗೂ ತಿರುಗಾಟ ತಪ್ಪುತ್ತೆ.”

ಮೂರು ಸಲ ಹೊತ್ತು ತಿರುಗಿದವಳಿಗೆ ಆ ಗೂಡು ಕೈಗೆಟುಕುವಷ್ಟೇ ಹತ್ತಿರವಿತ್ತು. ಇಟ್ಟುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. “ನಿಮ್ಮದಾಗಿದ್ದರೆ ನಿಮ್ಮ ಹೆಸರಲ್ಲೇ ಬರುತ್ತೆ” ಎಂದು ಕುಡಿಕೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಅವಳು ಮುಂದೆ ನಡೆದಳು. ನಡೆಯುತ್ತ ನಡೆಯುತ್ತಲೇ ಅವಳ ಮನಸ್ಸು ಗಟ್ಟಿಯಾಯಿತು. ಇದನ್ನು ತಪ್ಪು ಬಾಗಿಲಿಗೆ ಕೊಡುವುದಿಲ್ಲ. ಬಾಗಿಲು ಹುಡುಕದೆ ಬಿಡುವುದೂ ಇಲ್ಲ.

ಅವಳು ಊರ ಯಜಮಾನನ ಬಳಿ ಹೋದಳು. ಯಜಮಾನ ಹಗ್ಗ ಹೊಸೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ.

“ಬಾಗಿಲಿಲ್ಲದ ಹೆಸರುಗಳನ್ನ ಹಿಂದೆ ಕಳಿಸೋ ಮೊದಲು ಹೆಬ್ಬಾಗಿಲಲ್ಲಿ ಒಂದು ಸಲ ಕೂಗೋಕೆ ಅಪ್ಪಣೆ ಕೊಡಿ” ಎಂದಳು.

“ಕೂಗಿದರೆ ಯಾರು ಬೇಕಾದರೂ ನಂದು ಅಂತ ಬರ್ತಾರೆ. ಆಗೇನು ಮಾಡ್ತೀಯ?”

“ಬಂದವರಿಗೆ ಆಗಲೇ ಕೊಡೋದಿಲ್ಲ. ಕಳಿಸಿದವರಿಗೆ ಮಾತ್ರ ಗೊತ್ತಿರೋ ಒಂದು ಗುರುತು ಹೇಳಲಿ. ಹೊರೆಯಾಳು ಅದನ್ನ ತಗೊಂಡು ಹೋಗಿ ಕೇಳ್ಕೊಂಡು ಬರಲಿ. ಸರಿಯಾದರೆ ಆ ಹೆಸರನ್ನ ಅವರ ಬಾಗಿಲಿಗೆ ಕೆತ್ತೋಣ.”

“ತಪ್ಪಾದರೆ?”

“ಅದನ್ನ ನೀವೇ ಹೇಳಿ.”

“ತಪ್ಪಾದರೆ ಇದ್ದ ಹೆಸರೂ ಹೋಗಬೇಕು,” ಯಜಮಾನ ಹೇಳಿದ. “ಉತ್ತರ ಬರೋತನಕ ಅವರ ಬಾಗಿಲ ಹೆಸರಿಗೆ ಸುಣ್ಣ ಬಳೀತೀವಿ. ಸುಳ್ಳಾದರೆ ಸುಣ್ಣ ಹಾಗೇ ಉಳಿಯುತ್ತೆ. ಅಷ್ಟು ಬಿಗಿ ಇಲ್ಲದಿದ್ದರೆ ಮತ್ತೊಂದು ಎಲ್ಲರ ಮನೆ ಆಗುತ್ತೆ. ಮತ್ತೆ ಇನ್ನೊಂದು ಮಾತು. ಯಾರ ಬಾಗಿಲಿಗೂ ಹೋಗಿ, ನೀನೇನಾ ಅಂತ ನೀನು ಕೇಳಬಾರದು. ಹೆಸರು ಅವರ ಬಾಯಿಂದಲೇ ಬರಬೇಕು.”

“ಆಗಲಿ.”

ಮುಂದೊಂದು ದಿನ ಬೆಳಗ್ಗೆ ನೀರಿಗೆ ಹೋಗುವವರು, ದನ ಹೊಡೆಯುವವರು, ಬಟ್ಟೆ ಹೊತ್ತವರು ಹೆಬ್ಬಾಗಿಲ ಬಯಲಲ್ಲಿ ಸೇರಿದ ಹೊತ್ತಿಗೆ ಕೂಗುವಾಕೆ ಕಲ್ಲಿನ ಮೇಲೆ ಹತ್ತಿ ನಿಂತಳು. ಮಾವು ಹಣ್ಣಾಗುತ್ತಿತ್ತು, ಕುಡಿಕೆ ಮತ್ತೆ ಬಂದಿತ್ತು.

“ಬಾಗಿಲಿಲ್ಲದ ಹೆಸರು ಬಂದಿದೆ. ಕೆಂಚವ್ವ. ಕೆಂಚವ್ವ. ಕೆಂಚವ್ವ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಎತ್ತರದ ಮನೆಯ ಒಡತಿ ಒಂದು ಹೆಜ್ಜೆ ಮುಂದಿಟ್ಟು, ಯಜಮಾನ ಊರಿಗೆಲ್ಲ ಸಾರಿಸಿದ್ದ ಸುಣ್ಣದ ಮಾತು ನೆನಪಾಗಿ, ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದಳು. ಬಯಲಿನ ಅಂಚಿನಲ್ಲಿ ನೀಲಿ ಬಟ್ಟೆ ಹಿಂಡುತ್ತಿದ್ದ ಬಣ್ಣದಾಕೆಯ ಕೈ ನಿಂತಿತು. ಹಿಂಡಿದ ಬಟ್ಟೆಯಿಂದ ನೀಲಿ ನೀರು ಅವಳ ಪಾದದ ಮೇಲೆ ಸುರಿಯುತ್ತಲೇ ಇತ್ತು. ಅವಳು ಪಾದ ಸರಿಸಲಿಲ್ಲ.

ಕೂಗುವಾಕೆ ಅದನ್ನು ನೋಡಿದಳು.

ಬಣ್ಣದಾಕೆ ಹೊರಗಿನಿಂದ ಬಂದವಳು. ಬಂದಾಗ ಹರೆಯದವಳು, ಜೊತೆಗೆ ಗಂಡನಿದ್ದ. ಅವಳ ಕೈಯ ಬಣ್ಣ ನೋಡಿ ಊರವರು ಬಾಗಿಲಿಗೆ ‘ನೀಲವ್ವ’ ಎಂದು ಕೆತ್ತಿಕೊಟ್ಟರು. ಗಂಡ ತೀರಿಕೊಂಡ ಮೇಲೂ ಅವಳ ಕೈಯ ನೀಲಿಗೆ ದೂರದೂರದಿಂದ ಬೇಡಿಕೆಯ ಕುಡಿಕೆಗಳು ಬರುತ್ತಿದ್ದವು. ಅದಕ್ಕೂ ಹಿಂದೆ ಅವಳಿಗೊಂದು ಹೆಸರಿತ್ತೇ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ದಿನ ಯಾರೂ ಕಲ್ಲಿನ ಹತ್ತಿರ ಬರಲಿಲ್ಲ. ಕುಡಿಕೆ ಹಿಂದಕ್ಕೆ ಹೋಯಿತು.

ಕೂಗುವಾಕೆ ಒಂದು ಹಳೆಯ ಸೀರೆ ಮಡಚಿಕೊಂಡು ಬಣ್ಣದಾಕೆಯ ಮನೆಗೆ ಹೋದಳು. ಅಂಗಳದಲ್ಲಿ ದೊಡ್ಡ ಬಾನಿಗಳು, ಹಗ್ಗದ ಮೇಲೆ ನೀಲಿ.

“ಇದಕ್ಕೆ ಬಣ್ಣ ಹಾಕ್ಕೊಡಕ್ಕ. ನಾನು ಏನೂ ಕೇಳೋಕೆ ಬಂದಿಲ್ಲ. ಕೇಳಬಾರದು.”

ಬಣ್ಣದಾಕೆ ಸೀರೆಯನ್ನು ಬಿಡಿಸಿ ನೋಡಿದಳು. “ಯಾವ ನೀಲಿ ಬೇಕು?”

“ನಿನಗೆ ಸರಿ ಕಂಡದ್ದು.” ಕೂಗುವಾಕೆ ಬಾನಿಯ ಪಕ್ಕ ಕೂತಳು. “ಹೊರೆಯಾಳು ಹೇಳ್ತಿದ್ದ. ಹೊಳೆಯಾಚೆ ಒಬ್ಬಳು ಮುದುಕಿ ಇದ್ದಾಳಂತೆ. ಈಗ ಒಂದೇ ಉಸಿರಿಗೆ ಕುಡಿಕೆ ತುಂಬೋಕೆ ಆಗೋದಿಲ್ಲವಂತೆ.”

ಬಣ್ಣದಾಕೆ ಸೀರೆಯನ್ನು ನೀರಲ್ಲಿ ಅದ್ದಿದಳು. ಮುಳುಗಿಸಿ ಎತ್ತಿದಳು. ಆಮೇಲೆ ಬಾನಿಗೇ ಹೇಳಿದಂತೆ ಹೇಳಿದಳು. “ಒಬ್ಬಳು ಹುಡುಗಿ ಇದ್ದಳು ಅಂತ ಇಟ್ಕೋ. ಮನೆಯವರು ಬೇಡ ಅಂದವನ ಜೊತೆ ಹೊರಟಳು. ಅಪ್ಪ ಹೊಸ್ತಿಲಲ್ಲಿ ನಿಂತು, ಆ ಹೆಸರಿನವಳು ಇನ್ನು ಈ ಮನೇಲಿ ಇಲ್ಲ ಅಂದ. ಅವ್ವ ಒಳಗೇ ಇದ್ದಳು. ಹೊರಗೆ ಬರಲಿಲ್ಲ. ಹುಡುಗಿ ಹೊಳೆ ದಾಟುವಾಗ ಆ ಹೆಸರನ್ನ ನೀರಿಗೆ ಬಿಟ್ಟಳು.”

“ಬಿಟ್ಟದ್ದು ಹುಡುಗಿ. ಅವ್ವ ಬಿಟ್ಟಿಲ್ಲ.”

“ಆವತ್ತು ಒಂದು ಮಾತು ಆಡದವಳು ಈಗೇನು ಆಡ್ತಾಳೆ? ಕುಡಿಕೆಯೊಳಗೆ ಶಾಪ ಇದ್ದರೆ?”

“ಇರಬಹುದು.” ಕೂಗುವಾಕೆ ಎದ್ದು ನಿಂತಳು. “ಇದ್ದರೆ ಅದೂ ಆ ಹುಡುಗಿಗೇ ಸೇರಿದ್ದು. ನಾನು ಅದನ್ನ ಮತ್ತೆ ಮತ್ತೆ ವಾಪಸ್ ಕಳಿಸ್ತಾ ಇದೀನಿ, ಇಲ್ಲ ಅಂತ ಹೇಳಿ. ಅದು ಸುಳ್ಳು ಅಂತ ನನಗೀಗ ಅನ್ನಿಸ್ತಿದೆ. ಮುಂದಿನ ಸಲ ಕುಡಿಕೆ ಬಂದರೆ ಮತ್ತೆ ಕೂಗ್ತೀನಿ. ಅದರ ಮುಂದಿನ ಸಲವೂ ಕೂಗ್ತೀನಿ. ಬರದೇ ಹೋದರೆ ಯಾಕೆ ಬರಲಿಲ್ಲ ಅನ್ನೋದು ನನಗೆ ಗೊತ್ತಾಗುತ್ತೆ. ನಿನಗೂ.”

ಬಣ್ಣದಾಕೆ ಸೀರೆಯನ್ನು ನೀಲಿಯ ಬಾನಿಗೆ ಇಳಿಸಿದಳು.

ಕುಡಿಕೆ ಬಹಳ ದಿನ ಬರಲಿಲ್ಲ. ಕೂಗುವಾಕೆ ಪ್ರತಿದಿನ ಹೊರೆ ಇಳಿಸುವಾಗ ಸೊಟ್ಟ ಅಕ್ಷರ ಹುಡುಕುವಳು. ಬಯಲಿನ ಅಂಚಿನಲ್ಲಿ ಬಣ್ಣದಾಕೆಯೂ ಬಟ್ಟೆ ಹಿಂಡುತ್ತ ಹೊರೆಯ ಕಡೆಗೇ ನೋಡುವಳು. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಹೊರೆಯಾಳು ಹೊರೆಯ ತಳದಿಂದ ಅದನ್ನು ತೆಗೆದ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

ಕೂಗುವಾಕೆ ಕಲ್ಲು ಹತ್ತಿದಳು. “ಬಾಗಿಲಿಲ್ಲದ ಹೆಸರು ಬಂದಿದೆ. ಕೆಂಚವ್ವ. ಕೆಂಚ—”

“ನಂದು,” ಎಂದಳು ಬಣ್ಣದಾಕೆ.

ದೊಡ್ಡ ದನಿಯೇನಲ್ಲ. ಆದರೆ ಬಯಲಲ್ಲಿ ಎಲ್ಲರಿಗೂ ಕೇಳಿಸಿತು. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಡದೆಯೇ ಕಲ್ಲಿನ ಬಳಿ ಬಂದಳು. “ನೀಲವ್ವನೂ ನಾನೇ. ಕೆಂಚವ್ವನೂ ನಾನೇ. ಎರಡೂ ನನ್ನ ಹೆಸರು.”

ಯಜಮಾನನನ್ನು ಕರೆದು ತಂದರು. “ಗುರುತು ಹೇಳವ್ವ” ಎಂದ ಅವನು.

ಅವಳು ಹಣೆಯ ಕೂದಲು ಸರಿಸಿದಳು. ಎಡ ಹುಬ್ಬನ್ನು ಸೀಳಿಕೊಂಡು ಹೋದ ಒಂದು ಹಳೆಯ ಗಾಯದ ಗೆರೆ. “ಒರಳುಕಲ್ಲಿನ ಮೇಲೆ ಬಿದ್ದದ್ದು. ಅವ್ವ ಅರಿಸಿನ ಮೆತ್ತಿದ್ದಳು. ಯಾವ ಕಡೆ ಹುಬ್ಬಿನ ಮೇಲೆ ಗಾಯ, ಏನು ಮೆತ್ತಿದ್ದೆ ಅಂತ ಅವಳನ್ನೇ ಕೇಳಿ. ನನಗೆ ಎಡಗಡೆ, ಅರಿಸಿನ.”

ಹೊರೆಯಾಳು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡ. ಕುಡಿಕೆಯನ್ನೂ ಅವನ ಕೈಗೇ ಕೊಡಬೇಕಾಯಿತು. ಒಡೆಯರು ಗೊತ್ತಾಗುವ ತನಕ ಅದು ಊರೊಳಗೆ ಇರುವಂತಿಲ್ಲ. ಬಣ್ಣದಾಕೆ ಅದು ಗೋಡೆ ದಾಟುವುದನ್ನು ನಿಂತು ನೋಡಿದಳು. ಅಂದೇ ಅವಳ ಬಾಗಿಲಿಗೆ ಸುಣ್ಣ ಬಳಿದರು. ‘ನೀಲವ್ವ’ ಮುಚ್ಚಿಹೋಯಿತು.

ಬಾಗಿಲಿಗೆ ಹೆಸರಿಲ್ಲದಿರುವುದು ಅಂದರೇನು ಎಂದು ಊರಿಗೆ ಆಗ ತಿಳಿಯಿತು. ನೀಲವ್ವನಿಗೆ ಬಂದ ಕುಡಿಕೆಗಳನ್ನು ಕೂಗುವಾಕೆ ತನ್ನ ಕೈಯಾರೆ ಹಿಂದಕ್ಕೆ ಕಳಿಸಿದಳು. ಮದುವೆಯ ಸೀರೆ ಕೇಳಿದವರದು, ಬಣ್ಣದ ಸೊಪ್ಪು ಮಾರುವವನದು, ಎಲ್ಲವೂ ಹೋದವು. ಬಾನಿಗಳು ಒಣಗಿದವು. ಕೂಗುವಾಕೆ ಸಂಜೆ ಆ ಸುಣ್ಣದ ಬಾಗಿಲ ಮುಂದೆ ಹಾಯುವಾಗ ಒಂದು ಗಳಿಗೆ ನಿಲ್ಲುವಳು. ಕೂಗಲು ಹೆಸರಿರಲಿಲ್ಲ. ಬರೀ ಗಂಟಲು ಸರಿಪಡಿಸಿಕೊಳ್ಳುವಳು. ಒಳಗಿನಿಂದ ಬಣ್ಣದಾಕೆಯೂ ಕೆಮ್ಮಿ ತೋರುವಳು. ಅಷ್ಟು ಆದ ಮೇಲೆ ಕೂಗುವಾಕೆ ಮನೆಗೆ ಹೋಗುವಳು.

ಹೊಳೆ ತುಂಬಿ ಇಳಿದ ಮೇಲೆ ಹೊರೆಯಾಳು ಅದೇ ಕುಡಿಕೆ ಹೊತ್ತು ಬಂದ. ಕಲ್ಲಿನ ಸುತ್ತ ಜನ ಸೇರಿದರು. ಯಜಮಾನ ಕೇಳಿದ: “ಏನಂದಳು?”

“ಅರಿಸಿನ ಅಂದಳು. ಒರಳುಕಲ್ಲು ಅಂತ ನಾನು ಹೇಳದೆಯೇ ಹೇಳಿದಳು. ಆದರೆ...” ಹೊರೆಯಾಳು ಬಣ್ಣದಾಕೆಯ ಕಡೆ ನೋಡಲಾರದೆ ನೆಲ ನೋಡಿದ. “ಬಲಗಡೆ ಹುಬ್ಬು ಅಂದಳು. ಎರಡು ಸಲ ಕೇಳಿದೆ. ಮಗುವಿನ ಗಾಯ ತಾಯಿಗೆ ಗೊತ್ತಿರೋದಿಲ್ಲವಾ, ಬಲಗಡೆ ಅಂತ ಹೋಗಿ ಹೇಳು ಅಂದಳು.”

ಎತ್ತರದ ಮನೆಯ ಒಡತಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ಬಣ್ಣದಾಕೆಯ ಕೈ ತಾನಾಗಿ ಎಡ ಹುಬ್ಬಿಗೆ ಹೋಯಿತು. ಗಾಯ ಅಲ್ಲೇ ಇತ್ತು. ಅವಳ ಮುಖದಲ್ಲಿ ಸಿಟ್ಟಾಗಲಿ ಅಳುವಾಗಲಿ ಕಾಣಲಿಲ್ಲ. ಅವ್ವ ತನ್ನನ್ನು ಮರೆತಿದ್ದಾಳೆ ಎಂದಷ್ಟೇ ಅವಳು ತಿಳಿದಂತಿತ್ತು.

“ಒಂದು ಗುರುತು ಕೂಡಿ ಬರಲಿಲ್ಲ,” ಯಜಮಾನ ಮೆಲ್ಲಗೆ ಹೇಳಿದ. ಹೇಳಲು ಅವನಿಗೂ ಕಷ್ಟವಾಗುತ್ತಿತ್ತು. “ಒಂದಕ್ಷರ ತಪ್ಪಿದರೂ ಕೊಡೋದಿಲ್ಲ ಅಂತ ನೀನೇ ನಡೆಸಿಕೊಂಡು ಬಂದಿದೀಯ, ತಾಯಿ.”

“ಹೌದು. ಈಗಲೂ ಹಾಗೇ ನಡೆಸ್ತೀನಿ.” ಕೂಗುವಾಕೆ ಕಲ್ಲಿನಿಂದ ಇಳಿದಳು. ಬೀದಿಯಲ್ಲಿ ಬಾಗಿಲು ಹುಡುಕುವಾಗ ನಡೆಯುವಂತೆಯೇ ನಿಧಾನವಾಗಿ ನಡೆದು ಬಣ್ಣದಾಕೆಯ ಪಕ್ಕ ನಿಂತಳು. “ಯಜಮಾನರೇ, ಇಲ್ಲಿ ಬನ್ನಿ. ಇವಳ ಎದುರಿಗೆ ನಿಲ್ಲಿ. ನಿಮ್ಮ ಮೊಮ್ಮಗಳ ಮುಖ ತೊಳೆಸುವಾಗ ನಿಲ್ತೀರಲ್ಲ, ಹಾಗೆ.”

ಯಜಮಾನ ಬಂದು ನಿಂತ.

“ಈಗ ಆ ಗಾಯಕ್ಕೆ ಅರಿಸಿನ ಮೆತ್ತಬೇಕು. ನೆಟ್ಟಗೆ ಕೈ ಎತ್ತಿ. ಯಾವ ಕೈಯ ನೇರಕ್ಕೆ ಬಂತು?”

ಯಜಮಾನ ಕೈ ಎತ್ತಿದ. ಬೆರಳು ಗಾಯದ ಹತ್ತಿರ ಹೋಗಿ ನಿಂತಿತು. ಅವನು ತನ್ನ ಕೈಯನ್ನೇ ನೋಡಿಕೊಂಡ.

“ಬಲಗೈ,” ಎಂದ.

“ಇವಳಿಗೆ ಎಡ. ಎದುರಿಗೆ ಕೂತವಳಿಗೆ ಬಲ. ಕನ್ನಡಿ ನೋಡಿಕೊಂಡವಳು ಎಡ ಅಂತಾಳೆ. ಎದುರಿಗೆ ಕೂರಿಸಿಕೊಂಡು ಮುಖ ಒರೆಸಿದವಳು ಬಲ ಅಂತಾಳೆ. ಆ ಮುದುಕಿಯೂ ಎಡ ಅಂದಿದ್ದರೆ ನನಗೆ ಇಷ್ಟು ನಂಬಿಕೆ ಬರ್ತಿರಲಿಲ್ಲ.”

ಯಜಮಾನ ಕೈ ಇಳಿಸಲಿಲ್ಲ. ಅದೇ ಬೆರಳಿನಿಂದ ಹುಬ್ಬಿನ ಗೆರೆಯನ್ನು ಒಮ್ಮೆ ಮುಟ್ಟಿದ. “ಕೂಡ್ತು,” ಎಂದ. “ಸುಣ್ಣ ತೊಳೀರಿ. ಉಳಿ ತನ್ನಿ.”

ಬಣ್ಣದಾಕೆ ಆಗ ಅಳತೊಡಗಿದಳು. ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ ಅತ್ತಳು. ಕೂಗುವಾಕೆ ಅವಳ ಮೊಣಕೈ ಹಿಡಿದುಕೊಂಡು ಮನೆಯವರೆಗೆ ನಡೆಸಿಕೊಂಡು ಹೋದಳು. ಬಾಗಿಲಲ್ಲಿ ಸುಣ್ಣ ಇಳಿಯುತ್ತಿತ್ತು. ‘ನೀಲವ್ವ’ ಮತ್ತೆ ಕಂಡಿತು. ಅದರ ಕೆಳಗೆ ಉಳಿಯ ಪೆಟ್ಟು ಬೀಳುತ್ತ ಬೀಳುತ್ತ ‘ಕೆಂಚವ್ವ’ ಮೂಡಿತು. ಕೊನೆಯ ಅಕ್ಷರ ಮುಗಿಯುವ ತನಕ ಕೂಗುವಾಕೆ ಕುಡಿಕೆಯನ್ನು ಕೊಡಲಿಲ್ಲ. ಮುಗಿದ ಮೇಲೆ ಬೀದಿಗೆ ಇಳಿದು, ಬಾಗಿಲಿಗೆ ಎದುರಾಗಿ ನಿಂತು, ಎಲ್ಲರಿಗೂ ಕೂಗುವ ಎತ್ತರದಲ್ಲೇ ಕೂಗಿದಳು.

“ಕೆಂಚವ್ವ.”

“ಇದೀನಿ,” ಎಂದಳು ಬಣ್ಣದಾಕೆ.

ಮಾತು ತೆರೆಯುವಾಗ ಬೇರೆಯವರು ಇರಬಾರದು. ಕುಡಿಕೆ ಕೊಟ್ಟು ಹೊರಟ ಕೂಗುವಾಕೆಯನ್ನು ಬಣ್ಣದಾಕೆ ಸೆರಗು ಹಿಡಿದು ಕೂರಿಸಿಕೊಂಡಳು. ಮೇಣ ಬಿಡಿಸಲು ಅವಳ ಉಗುರು ಬಹಳ ಹೊತ್ತು ತಡಕಾಡಿತು. ಬಾಯಿ ತೆರೆದಾಗ ಮೊದಲು ಉಸಿರಿನ ಸದ್ದು ಬಂತು, ಒಂದು ಏದುಸಿರು, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಉಸಿರು. ಆಮೇಲೆ ಮುದಿ ದನಿ.

“ಕೆಂಚೀ, ಉಂಡೆಯೇನೇ?”

ಅಷ್ಟೇ. ಕುಡಿಕೆ ಬರಿದಾಯಿತು.

ಬಣ್ಣದಾಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ ಅದರ ಬಾಯಿಯನ್ನು ಸೆರಗಿನಿಂದ ಒರೆಸಿ, ತುಟಿ ಹಚ್ಚಿ, “ಉಂಡೆನವ್ವ. ನೀನು?” ಎಂದು ಬೇಗ ಬೇಗ ಮೇಣ ಒತ್ತಿದಳು. ಕುಡಿಕೆಯನ್ನು ಕೂಗುವಾಕೆಗೆ ಕೊಟ್ಟಳು.

ಹೊರೆಯಾಳು ಇನ್ನೂ ಹೆಬ್ಬಾಗಿಲಲ್ಲೇ ಇದ್ದ. ಕೂಗುವಾಕೆ ಸುಣ್ಣದ ಕಡ್ಡಿ ತೆಗೆದು, ಹೊರಗೆ ಹೋಗುವ ಕುಡಿಕೆಗೆ ಬರೆಯುವಂತೆ, ಮೊದಲು ಆ ಮುದುಕಿಯ ಹೆಸರು, ಬೊಟ್ಟು, ಹೊಳೆಯಾಚೆಯ ಊರು ಬರೆದಳು. ಕೆಳಗೆ ಕಳಿಸಿದವಳ ಹೆಸರೂ ಇರಲೆಂದು ಬರೆಯಹೊರಟು, ಕಡ್ಡಿ ನಿಲ್ಲಿಸಿ ಬೀದಿಯ ಆ ತುದಿಗೆ ಕೂಗಿ ಕೇಳಿದಳು.

“ಅಕ್ಕಾ, ಯಾವ ಹೆಸರು ಹಾಕಲಿ?”

“ಅವಳಿಟ್ಟದ್ದು,” ಎಂದು ಅಲ್ಲಿಂದ ಉತ್ತರ ಬಂತು. “ಮರೀದೆ ಊರ ಹೆಸರನ್ನೂ ಸೇರಿಸು. ನಾನು ಇಲ್ಲೇ ಇದ್ದೀನಿ ಅಂತ ಅವಳಿಗೆ ತಿಳೀಲಿ.”